ರಂಗಪ್ಪನವರು ಕಂಬ ಹತ್ತಿದ ದಿನ

ಕಳೆದ ವಾರ ಒಂದು ಬೆಳಿಗ್ಗೆ, ಹತ್ತು ನಿಮಿಷ, ನಾನೊಬ್ಬ ಮನುಷ್ಯನನ್ನು ಕೊಂದೇಬಿಟ್ಟೆ ಎಂದುಕೊಂಡಿದ್ದೆ.

ಉತ್ಪ್ರೇಕ್ಷೆ ಅಲ್ಲ. 

ನಮ್ಮ ಮನೆಯ ಇಂಟರ್‌ನೆಟ್ ನಿಧಾನ. ನಾಲ್ಕು ಜನ, ಐದು ಮೊಬೈಲು, ಒಂದು ಟಿವಿ. (ಐದನೆಯದು ಯಾರದು ಅಂತ ಕೇಳಬೇಡಿ, ನನ್ನದೇ.) ಮ್ಯಾಚಿನ ಕೊನೇ ಓವರಿನಲ್ಲಿ ಟಿವಿ ನಿಂತೇಹೋಯಿತು. ಅವತ್ತೇ ಫೋನ್ ಮಾಡಿ ಹೆಚ್ಚು ಸ್ಪೀಡಿನ ಪ್ಲಾನ್ ತೆಗೆದುಕೊಂಡೆ. ಅದಕ್ಕೆ ಹಳೇ ವೈರ್ ಆಗಲ್ಲ, ಫೈಬರ್ ಎಳೆಯಬೇಕು ಅಂದರು. ಮೂರು ದಿನ ಕಾಯಿಸಿ ರಂಗಪ್ಪನವರನ್ನು ಕಳಿಸಿದರು.

ನಲವತ್ತರ ಆಸುಪಾಸು, ಕೊರಟಗೆರೆ ಕಡೆಯವರು. ಮನೆ ಮುಂದಿನ ಕರೆಂಟ್ ಕಂಬವನ್ನು ಒಮ್ಮೆ ನೋಡಿದರು. "ಗಾಳಿ ಜೋರೈತೆ ಸಾರ್. ಲೈನ್‌ಮನ್‌ಗೆ ಹೇಳಿ ಕರೆಂಟ್ ತೆಗ್ಸಿ ಹತ್ಬೇಕು. ನಾಳೆ ಬತ್ತೀನಿ."

ಮತ್ತೆ ನಾಳೆ! "ಈಗಲೇ ಹಾಕ್ತೀರೋ, ನಿಮ್ಮ ಆಫೀಸಿಗೆ ಕಂಪ್ಲೇಂಟ್ ಮಾಡ್ಲೋ?" ಅಂದೆ.

ಅವರು ಮೊಬೈಲ್ ತೆಗೆದು ನನ್ನ ಸ್ಕೂಟರಿನ ಸೀಟಿನ ಮೇಲಿಟ್ಟರು. ಏಣಿ ಒರಗಿಸಿ ಹತ್ತಿದರು.

ಬೆಟ್ಟದ ಬುಡದ ನಮ್ಮ ಬೀದಿಗೆ ಗಾಳಿ ಬಂದರೆ ನುಗ್ಗಿಯೇ ಬರುತ್ತದೆ. ಕೇಬಲ್ಲಿಗೆ ಆಸರೆಯಾಗಿ ಅವರು ಕಟ್ಟುತ್ತಿದ್ದ ಕಬ್ಬಿಣದ ತಂತಿ ತೂಗಾಡಿ ಮೇಲಿನ ಲೈನಿಗೆ ತಾಗಿತು. ಪಟಾರ್! ಕಿಡಿ ಹಾರಿತು. ಏಣಿ ಜಾರಿ ಚರಂಡಿಗೆ ಬಿತ್ತು. ರಂಗಪ್ಪನವರು ಕಂಬ ತಬ್ಬಿಕೊಂಡು ಮೇಲೆಯೇ ಉಳಿದರು. ಅವರ ಕಿವಿಯಿಂದ ಗೇಣು ದೂರದಲ್ಲಿ ಆ ತಂತಿ ಹೊಯ್ದಾಡುತ್ತಿತ್ತು.

"ಯಾರೂ ಕಂಬ ಮುಟ್ಬ್ಯಾಡಿ! ಕರೆಂಟ್ ತೆಗ್ಸಿ!" ಮೇಲಿಂದಲೇ ಕೂಗಿದರು.

ಎದುರು ಮನೆಯ ಗೌರಮ್ಮ ಟೀಚರ್ ಲೈನ್‌ಮನ್‌ಗೆ ಫೋನ್ ಮಾಡಿದರು. ನಾನು? ಸ್ಕೂಟರ್ ಪಕ್ಕ ನಿಂತು ಮೇಲೆ ನೋಡುತ್ತಿದ್ದೆ.

ಅಷ್ಟರಲ್ಲಿ ಸ್ಕೂಟರ್ ಮೇಲಿನ ಮೊಬೈಲ್ ಬಡಿದುಕೊಂಡಿತು. 'ಮನೆ' ಎಂದಿತ್ತು. ನಿಂತಿತು. ಮತ್ತೆ ಶುರುವಾಯಿತು. ಯಾಕೆ ಎತ್ತಿದೆನೋ ಗೊತ್ತಿಲ್ಲ.

"ಯಾರು? ನಮ್ಮೋರು ಎಲ್ಲವ್ರೆ?" ಹೆಣ್ಣು ದನಿ. ಅವರ ಹೆಂಡತಿ.

"ಕೆಲಸದಲ್ಲಿದ್ದಾರೆ ಕಣಮ್ಮ."

"ಕಂಬ ಹತ್ತವ್ರಾ?"

"ಹೂಂ."

"ಕರೆಂಟ್ ತೆಗ್ಸವ್ರೆ ತಾನೆ? ಇವ್ರ ಜೊತೆಗಾರ್ರೊಬ್ರು ಹಿಂಗೇ ಹೋಗ್ಬುಟ್ರು ಸಾರ್. ಅದ್ಕೇ ದಿನಾ ಕೇಳ್ತೀನಿ."

ತಲೆಯೆತ್ತಿದೆ. ರಂಗಪ್ಪನವರ ಎಡಗೈ ಜಾರುತ್ತಿತ್ತು.

"ತೆಗೆಸಿದ್ದಾರಮ್ಮ," ಅಂದೆ.

ಫೋನ್ ಇಟ್ಟ ಮೇಲೆ ಎಷ್ಟು ಹೊತ್ತಾಯಿತೋ. ಬೀದಿ ಕೊನೆಯ ಹಿಟ್ಟಿನ ಗಿರಣಿಯ ಸದ್ದು ಥಟ್ಟನೆ ನಿಂತಾಗ ಕರೆಂಟ್ ಹೋದದ್ದು ತಿಳಿಯಿತು. ಅಕ್ಕಪಕ್ಕದವರು ಏಣಿ ಎತ್ತಿ ಹಿಡಿದು ಅವರನ್ನು ಇಳಿಸಿದರು. ಬಲಗೈ ಅಂಗೈ ಸುಟ್ಟಿತ್ತು. ಹಲ್ಲು ಕಟಕಟ ಅನ್ನುತ್ತಿತ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ಜೀವಕ್ಕೆ ಅಪಾಯವಿಲ್ಲ, ಒಂದು ದಿನ ಇರಲಿ ಎಂದರು ಡಾಕ್ಟರು.

ಆಫೀಸಿನವರಿಂದ ಸುದ್ದಿ ತಿಳಿದು ಮಧ್ಯಾಹ್ನ ಅವರ ಹೆಂಡತಿ ಬಸ್ಸಿಳಿದು ಓಡಿಬಂದರು. ಗಂಡನ ಬ್ಯಾಂಡೇಜ್ ಸವರಿ ನನ್ನ ಕಡೆ ತಿರುಗಿ ಕೈ ಮುಗಿದರು.

"ನೀವು ಇಲ್ಲಿಗೆ ಕರ್ಕಂಡ್ ಬರ್ದಿದ್ರೆ ಏನ್ ಗತಿ ಸಾರ್? ತೆಗ್ಸಿದ್ ಕರೆಂಟ ಯಾರೋ ಮಧ್ಯದಲ್ಲಿ ಕೊಟ್ಬುಟ್ಟವ್ರೆ. ಅವ್ರ ಕೈಗೆ ಹಾವು ಕಚ್ಚ!"

ರಂಗಪ್ಪನವರು ನನ್ನನ್ನೇ ನೋಡಿದರು. ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಬೇರೆಯವರು ಬಂದು, ಕರೆಂಟ್ ತೆಗೆಸಿಯೇ, ಫೈಬರ್ ಎಳೆದರು. ಈಗ ವಿಡಿಯೋ ಬೆರಳು ಮುಟ್ಟುವಷ್ಟರಲ್ಲಿ ಓಡುತ್ತದೆ. ಮನೆಯವರಿಗೆಲ್ಲ ಖುಷಿ. ನಾನು ಮಾತ್ರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತುವುದಿಲ್ಲ. ರಂಗಪ್ಪನವರು ಹೆಂಡತಿಗೆ ನಿಜ ಹೇಳಿಬಿಟ್ಟರೇ? ನಾನೇ ಹೋಗಿ ಹೇಳಿಬಿಡೋಣವೆಂದು ಎರಡು ಸಲ ಬಸ್ ಸ್ಟ್ಯಾಂಡಿಗೆ ಹೋದೆ. ಎರಡು ಸಲವೂ ಕೊರಟಗೆರೆ ಬಸ್ಸು ನನ್ನನ್ನು ಬಿಟ್ಟೇ ಹೊರಟಿತು.

ನೀವಾಗಿದ್ದರೆ ಹತ್ತುತ್ತಿದ್ದಿರಾ?