ದೃಷ್ಟಿ ತಾಗದ ಹಾಗೆ ಹೊಗಳುವುದು

ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಎಸೆದ ಸಾಮಾನುಗಳಲ್ಲಿ ಸ್ಲೇಟು, ಚಪ್ಪಲಿ, ಪಕ್ಕದವಳ ಊಟದ ಡಬ್ಬಿ ಮತ್ತು ಒಂದು ಡಸ್ಟರ್ ಸೇರಿದ್ದವು. ಡಸ್ಟರ್ ಹೋಗಿ ಬಿದ್ದದ್ದು ಲೆಕ್ಕದ ಮೇಷ್ಟರ ಬೆನ್ನಿಗೆ. ಮೊದಲು ಅದನ್ನು ನನ್ನ ಕಡೆ ಎಸೆದವರು ಅವರೇ ಎಂಬ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನಗೆ ಈಗಲೂ ಅದರ ಸಿಟ್ಟಿದೆ.

ಹೆಡ್‌ಮಿಸ್ ಅಪ್ಪನನ್ನು ಕರೆಸಿದರು. "ಎರಡು ತಿಂಗಳು ಟೈಮ್ ಕೊಡ್ತೀನಿ. ಆಸ್ಪತ್ರೆಗೆ ತೋರಿಸಿ. ಸರಿಹೋದ್ರೆ ಸರಿ, ಇಲ್ಲಾಂದ್ರೆ ಟೀಸಿ ತಗೊಂಡು ಹೋಗಿ" ಎಂದರು. ಮಾಕಳಿಯಲ್ಲಿದ್ದ ನಮಗೆ ಕಾಲ್ನಡಿಗೆಯ ದೂರದಲ್ಲಿದ್ದದ್ದು ಅದೊಂದೇ ಸ್ಕೂಲು. ಟೀಸಿ ಎಂದರೆ ಎಮ್ಮೆ ಮೇಯಿಸುವುದು ಎಂದೇ ಅರ್ಥ. ನನಗೆ ಎಮ್ಮೆಯೂ ಇಷ್ಟವಿತ್ತು, ಆದರೆ ಸ್ಕೂಲೆಂದರೆ ಪ್ರಾಣ. ಡಸ್ಟರ್ ಎಸೆಯುವವಳಿಗೂ ಸ್ಕೂಲು ಬೇಕಾಗಿರುತ್ತದೆ ಎಂದು ದೊಡ್ಡವರಿಗೆ ಹೊಳೆಯುವುದಿಲ್ಲ.

ಆಸ್ಪತ್ರೆಯ ಡಾಕ್ಟರು ನನ್ನ ಮಂಡಿಗೆ ಸಣ್ಣ ಸುತ್ತಿಗೆಯಿಂದ ಬಡಿದು ಏನೋ ಇಂಗ್ಲಿಷ್ ಹೆಸರು ಹೇಳಿದರು. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮಕ್ಕಳಿಗೆ ಆ ಹೆಸರಂತೆ. ಮಾತ್ರೆ ಕೊಡಲಿಲ್ಲ. ಪ್ರತಿ ಶನಿವಾರ ಒಬ್ಬ ಮೇಡಂ ಮನೆಗೇ ಬಂದು, ನನಗಿಂತ ಹೆಚ್ಚಾಗಿ ಮನೆಯವರಿಗೆ ಪಾಠ ಹೇಳುತ್ತಾರೆ ಎಂದರು. "ಎಸೆದೋಳು ಇವ್ಳು, ಪಾಠ ನಮ್ಗಾ?" ಎಂದು ಅಪ್ಪ ಬಸ್ಸಿಳಿಯುವವರೆಗೂ ಗೊಣಗಿದ. ಅಪ್ಪನಿಗೆ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸ. ತಪ್ಪು ಹುಡುಕಿದ್ದಕ್ಕೆ ಅವನಿಗೆ ಸಂಬಳ ಕೊಡುತ್ತಿದ್ದರು. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆಯಾಗಿ ಮಾಡುತ್ತಿದ್ದ.

ಮೇಡಂ ಬಂದರು. ಕಾಟನ್ ಸೀರೆ, ಹೆಗಲಿಗೆ ಜೋಳಿಗೆ, ಕೈಯಲ್ಲೊಂದು ನೋಟ್‌ಬುಕ್. ಯಾರದು ಎಂದು ಕೇಳಿದ ಪಕ್ಕದ ಮನೆಯಾಕೆಗೆ ಅಜ್ಜಿ, "ಜನಗಣತಿಯೋರು" ಎಂದುಬಿಟ್ಟಳು. ಮೂರನೇ ಶನಿವಾರ ಆಕೆಗೆ ತಡೆಯಲಾಗಲಿಲ್ಲ.

"ನಿಮ್ಮನೇಲಿರೋರೇ ನಾಕು ಜನ. ಎಷ್ಟ್ ಸಲ ಎಣಿಸ್ತಾರಕ್ಕ?"

"ಇವ್ಳು ಒಂದ್ಕಡೆ ನಿಂತ್ರೆ ತಾನೇ ಎಣ್ಸೋದು!" ಎಂದಳು ಅಜ್ಜಿ, ನನ್ನ ಕಡೆ ಕೈ ತೋರಿಸಿ.

ಮೇಡಂ ನನಗೆ ಕಲಿಸಿದ್ದು ಒಂದೇ ಉಪಾಯ. ಸಿಟ್ಟು ಬಂದ ಕೂಡಲೇ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಉಸಿರೆಳೆಯಬೇಕು. ಮನೆಯವರಿಗೆ ಹೇಳಿದ್ದು ಇದಕ್ಕಿಂತ ಕಷ್ಟದ್ದು. "ಅವಳು ಏನಾದ್ರೂ ಒಳ್ಳೇದು ಮಾಡಿದ ತಕ್ಷಣ ಅವಳ ಎದುರಿಗೇ ಹೊಗಳಿ. ಬಾಯ್ತುಂಬ ಹೊಗಳಿ" ಎಂದರು. ಕಾಫಿ ಕೊಡಲು ಬಂದಿದ್ದ ಅಜ್ಜಿ ಲೋಟವನ್ನು ಅರ್ಧ ದಾರಿಯಲ್ಲೇ ಹಿಂದಕ್ಕೆಳೆದುಕೊಂಡಳು. ನಮ್ಮ ಮನೆಯಲ್ಲಿ ಮಕ್ಕಳನ್ನು ಎದುರಿಗೆ ಹೊಗಳುವ ಪದ್ಧತಿಯೇ ಇರಲಿಲ್ಲ. ತೀರಾ ಮುದ್ದು ಬಂದರೆ "ಕತ್ತೆ" ಎನ್ನುತ್ತಿದ್ದರು.

ಅಮ್ಮ ಮಾತ್ರ ಧೈರ್ಯ ಮಾಡಿದಳು. ಮಾರನೆಯ ದಿನ ನಾನು ಎದ್ದು ಓಡದೆ ಒಂದು ಪುಟ ಕಾಪಿ ಬರೆದಾಗ, "ನನ್ ಮಗ್ಳು ಎಷ್ಟ್ ಜಾಣೆ!" ಎಂದಳು. ಹಿತ್ತಲಲ್ಲಿದ್ದ ಅಜ್ಜಿಗೆ ಅದು ಹೇಗೆ ಕೇಳಿಸಿತೋ, ಉಪ್ಪು, ಒಣಮೆಣಸಿನಕಾಯಿ ಹಿಡಿದು ಓಡಿಬಂದಳು. ನನಗೆ ನಿವಾಳಿಸಿ ಎಲ್ಲವನ್ನೂ ಒಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂದು ಅವಳ ನಂಬಿಕೆ. ಅವತ್ತು ನಾವೆಲ್ಲ ಕೆಮ್ಮಿ ಕೆಮ್ಮಿ ಬೀದಿಗೆ ಬಂದೆವು. ಒಳಗಿನಿಂದ ಅಜ್ಜಿ, "ಇನ್ನೂ ಆಗಿಲ್ಲ, ಮುಂದಕ್ಕೆ ಆಗ್ಬೋದು" ಎನ್ನುತ್ತಾ ಇನ್ನೊಂದು ಹಿಡಿ ಹಾಕಿದಳು.

ನನಗಂತೂ ಪಾಠ ಚೆನ್ನಾಗಿ ಅರ್ಥವಾಯಿತು. ಒಳ್ಳೆಯವಳಾದರೆ ಕಣ್ಣುರಿಯುತ್ತದೆ. ಆ ವಾರವೆಲ್ಲ ನಾನು ಕಾಪಿ ಪುಸ್ತಕ ಮುಟ್ಟಲಿಲ್ಲ. ಶನಿವಾರ ಮೇಡಂ ಯಾಕೆಂದು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ನಗಲಿಲ್ಲ. ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, "ಯಾಕಜ್ಜಿ, ಅಷ್ಟು ಭಯ?" ಎಂದರು.

"ನನ್ ಮೊದಲ್ನೇ ಮಗ ಕಣವ್ವ. ಯಾರೋ ಬಾಗ್ಲಲ್ಲಿ ನಿಂತ್ಕಂಡು, ಎಷ್ಟ್ ಚೆಂದಾಗೈತೆ ಮಗ ಅಂದ್ರು. ಸಂಜೀಕೆ ಮೈ ಕೆಂಡ ಆಯ್ತು. ಉಳೀಲಿಲ್ಲ."

ಅಪ್ಪನಿಗೊಬ್ಬ ಅಣ್ಣ ಇದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಘಾಟು ಹಾಕಿದ್ದಕ್ಕೆ ಅಜ್ಜಿಯ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನನಗೆ ಅಳು ಬಂತು.

ಮೇಡಂ, "ಹಾಗಾದ್ರೆ ಹುಡುಗೀನ ಹೊಗಳೋದು ಬೇಡ ಅಜ್ಜಿ. ಅವಳು ಮಾಡಿದ ಕೆಲಸಾನ ಹೊಗಳಿ. ಚಪ್ಪಲಿ ಸರಿಯಾಗಿ ಬಿಟ್ರೆ, ಚಪ್ಪಲಿ ಬಿಟ್ಟಿರೋದು ಚೆನ್ನಾಗಿದೆ ಅನ್ನಿ" ಎಂದರು.

ಅಜ್ಜಿ ತುಂಬಾ ಯೋಚಿಸಿದಳು. "ಚಪ್ಲಿಗೆ ದಿಷ್ಟಿ ಆದ್ರೆ ಆಗ್ಲಿ ಬುಡು" ಎಂದಳು.

ಅಲ್ಲಿಂದ ನಮ್ಮ ಮನೆಯಲ್ಲಿ ಸಾಮಾನುಗಳಿಗೆ ಒಳ್ಳೆಯ ಕಾಲ ಬಂತು. ಅಮ್ಮ ಕಾಪಿ ಪುಸ್ತಕದೊಂದಿಗೆ ಮಾತಾಡಿದಳು. ಅಜ್ಜಿ ನನ್ನ ಕಡೆ ಬೆನ್ನು ತಿರುಗಿಸಿ ನಿಂತು, ನಾನು ತೊಳೆದಿಟ್ಟ ತಟ್ಟೆಗೆ, "ಬೋ ಚೆಂದಾಗಿದ್ದೀಯ ಕಣೆ" ಎಂದಳು. ಅಪ್ಪನ ಬಾಯಿಂದ ಮಾತ್ರ ಹೊಗಳಿಕೆ ಹೊರಡಲಿಲ್ಲ. ಪುಸ್ತಕವನ್ನು ಬೆಳಕಿಗೆ ಹಿಡಿದು ನೋಡಿ "ಪಾಸ್" ಎನ್ನುತ್ತಿದ್ದ, ಇಲ್ಲದಿದ್ದರೆ "ರಿಜೆಕ್ಟ್". ಆದರೂ ನಾನು ಕೂರುವುದನ್ನು ಕಲಿತೆ. ತಟ್ಟೆಗೆ ಸಿಕ್ಕ ಹೊಗಳಿಕೆ ನನಗೇ ಸೇರಿದ್ದೆಂದು ನನಗೆ ಗೊತ್ತಿತ್ತು.

ಎರಡು ತಿಂಗಳು ತುಂಬಿದ ದಿನ ಅಪ್ಪ ಫ್ಯಾಕ್ಟರಿಯ ಖಾಕಿ ಬಟ್ಟೆಯಲ್ಲೇ ಮೇಡಂ ಕೊಟ್ಟ ಚೀಟಿ ಹಿಡಿದು ನನ್ನನ್ನು ಸ್ಕೂಲಿಗೆ ಕರೆದುಕೊಂಡು ಹೋದ. ಹೆಡ್‌ಮಿಸ್ ಚೀಟಿ ಓದುತ್ತಿದ್ದಾಗ ಲೆಕ್ಕದ ಮೇಷ್ಟ್ರು ಒಳಗೆ ಬಂದು, "ಏನಮ್ಮ, ಹುಚ್ಚಾಸ್ಪತ್ರೆಯಿಂದ ಬಿಟ್ಟುಬಿಟ್ರಾ?" ಎಂದು ನಕ್ಕರು. ಮೇಜಿನ ಮೇಲೆ ಗಾಜಿನ ಪೇಪರ್‌ವೈಟ್ ಇತ್ತು. ಎಸೆಯಲು ಅದಕ್ಕಿಂತ ಹೇಳಿಮಾಡಿಸಿದ ವಸ್ತುವನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡೆ. ಉಸಿರೆಳೆಯುತ್ತಾ ಮೇಷ್ಟರನ್ನೇ ದುರುಗುಟ್ಟಿ ನೋಡಿದೆ.

"ಮುಖ ನೋಡಿ ಇವಳದ್ದು. ಏನು ಬದಲಾಗಿದೆ?" ಎಂದರು ಹೆಡ್‌ಮಿಸ್, ಟೀಸಿ ಪುಸ್ತಕ ಎಳೆದುಕೊಳ್ಳುತ್ತಾ.

ನಾನು ಅಪ್ಪನ ಕಡೆ ನೋಡಿದೆ. ರಿಜೆಕ್ಟ್ ಎನ್ನುತ್ತಾನೆ ಎಂದುಕೊಂಡಿದ್ದೆ. ಅಪ್ಪ ಕುರ್ಚಿಯಿಂದೆದ್ದ.

"ಸಿಟ್ಟು ಬಂದೈತೆ ಮೇಡಂ. ಆ ಮಾತಿಗೆ ನಂಗೂ ಬಂದೈತೆ. ನಾನೇ ಆಗಿದ್ರೆ ಎಸ್ದಿರ್ತಿದ್ದೆ. ಇವ್ಳು ಎಸೀಲಿಲ್ಲ, ಅದ್ನ ನೋಡಿ." ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಎಲ್ಲರ ಎದುರಿಗೂ, "ನನ್ ಮಗ್ಳು ಒಳ್ಳೇವ್ಳು ಮೇಡಂ. ಬಂಗಾರದಂತೋಳು" ಎಂದ.

ಹೆಡ್‌ಮಿಸ್ ಒಂದು ಸಲ ಪೇಪರ್‌ವೈಟನ್ನೂ ಒಂದು ಸಲ ನನ್ನ ಕೈಗಳನ್ನೂ ನೋಡಿದರು. ಮೇಷ್ಟ್ರಿಗೆ ಕ್ಲಾಸಿಗೆ ಹೋಗಲು ಹೇಳಿದರು. ಟೀಸಿ ಪುಸ್ತಕವನ್ನು ಡ್ರಾಯರಿಗೆ ಹಾಕಿ, "ಕೂತ್ಕೋ ಹೋಗು" ಎಂದರು.

ಹೊರಗೆ ಬಂದ ಅಪ್ಪ ಸೈಕಲ್ ಸ್ಟ್ಯಾಂಡ್ ತೆಗೆಯುತ್ತಾ ನನ್ನ ಮುಖ ನೋಡದೆ, "ಒಳಗೆ ಅಂದದ್ದು ಅಜ್ಜಿಗೆ ಹೇಳ್ಬೇಡ" ಎಂದ. ನಾನು ಹೇಳಲಿಲ್ಲ. ಆದರೆ ಆ ವಾರವೆಲ್ಲ ಅಪ್ಪ ಕೆಲಸಕ್ಕೆ ಹೊರಡುವ ಮೊದಲು, ಅಮ್ಮನಿಗೂ ಅಜ್ಜಿಗೂ ಕಾಣದ ಹಾಗೆ, ಅಂಗೈಯಿಂದ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುತ್ತಿದ್ದ.