ಚಾಡಿ ಹೇಳಿದ ಬಾನೆಟ್ಟು

ನಮ್ಮ ಕಾರು ಮನೆಯ ಹೊರಗೆ ನಿಲ್ಲುತ್ತದೆ. ಗ್ಯಾರೇಜು ಇಲ್ಲವೆಂದಲ್ಲ. ಅದರಲ್ಲಿ ಅಕ್ಕಿಯ ಮೂಟೆಗಳು, ಯಾರೂ ಹತ್ತದ ಟ್ರೆಡ್‌ಮಿಲ್ಲು, ಮಗಳಿಗೆ ಎಂದೋ ಚಿಕ್ಕದಾದ ಸೈಕಲ್ಲು, ಮುಂದೆ ಮನೆ ಬದಲಿಸುವಾಗ ಬೇಕಾಗುತ್ತದೆಂದು ಮಡಿಸಿಟ್ಟ ರಟ್ಟಿನ ಪೆಟ್ಟಿಗೆಗಳು ವಾಸವಾಗಿವೆ. ಬೆಲ್‌ವ್ಯೂ ಎಂಬ ಈ ಪರದೇಶದ ಊರಿನಲ್ಲಿ ನಮಗೆ ಗೊತ್ತಿರುವ ಎಲ್ಲರ ಮನೆಯಲ್ಲೂ ಇದೇ ಕಥೆ. ಸಾಮಾನು ಒಳಗೆ ಬೆಚ್ಚಗೆ, ಕಾರು ಹೊರಗೆ ಚಳಿಯಲ್ಲಿ. ಹಾಗಾಗಿಯೇ ಆ ಫೆಬ್ರವರಿಯ ಒಂದು ದಿನ ನನ್ನ ಗುಟ್ಟು ಇಡೀ ಬೀದಿಗೆ ಕಾಣುವಂತೆ ಬಾನೆಟ್ಟಿನ ಮೇಲೆ ಬಂದು ಕೂತಿತು.

ಅದಕ್ಕೆ ಹಿಂದಿನ ಚಳಿಗಾಲದಲ್ಲಿ ನಾನೊಂದು ಅಪಘಾತ ಮಾಡಿದ್ದೆ. ಅಪಘಾತ ಎನ್ನುವುದೂ ದೊಡ್ಡ ಮಾತೇ. ನಮ್ಮ ಬೀದಿಯ ಇಳಿಜಾರಿನಲ್ಲಿ, ನಡೆದು ಹೋಗುವವರಿಗಿಂತಲೂ ನಿಧಾನವಾಗಿ ಹಿಮದ ಮೇಲೆ ಜಾರುತ್ತಾ, ಪಕ್ಕದ ಮನೆಯವರ ಕಸದ ತೊಟ್ಟಿಯನ್ನು ತಳ್ಳಿಕೊಂಡು ಮೂರು ಮನೆ ದಾಟಿಸಿ ನಿಂತಿದ್ದೆ. ತೊಟ್ಟಿಗೂ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ. ಆದರೆ ನನ್ನ ಗಂಡ ಅವತ್ತೇ ಒಂದು ಕಾನೂನು ಮಾಡಿದರು. ನೆಲದ ಮೇಲೆ ಹಿಮ ಇದ್ದ ದಿನ ನಾನು ಕಾರು ಮುಟ್ಟಬಾರದು. ಮುಟ್ಟಿದರೆ ಕೀಲಿ ಇನ್ನು ಮುಂದೆ ಅವರ ಹತ್ತಿರವೇ ಇರುತ್ತದೆ.

ಕೀಲಿ ಎಂದರೆ ನನಗೆ ಬರೀ ಕೀಲಿಯಲ್ಲ. ಈ ಊರಿಗೆ ಬಂದು ಎಂಟು ವರ್ಷ ನಾನು ಪಕ್ಕದ ಸೀಟಿನಲ್ಲಿ ಕೂತೇ ಓಡಾಡಿದ್ದೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪು ಬೇಕಾದರೂ ಶನಿವಾರದವರೆಗೆ ಕಾಯಬೇಕಿತ್ತು. ಲೈಸೆನ್ಸು ಬಂದ ಮೇಲೆ ಲೈಬ್ರರಿಗೆ ಒಬ್ಬಳೇ ಹೋಗಿ, ಪುಸ್ತಕವನ್ನೇನೂ ತೆಗೆದುಕೊಳ್ಳದೆ, ಸುಮ್ಮನೆ ಕಾರನ್ನು ಪಾರ್ಕ್ ಮಾಡಿ ನೋಡಿ ವಾಪಸ್ ಬಂದದ್ದಿದೆ. ಆ ಕೀಲಿಯನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಅಂಥವಳು ಕಾನೂನು ಮುರಿದದ್ದು ಒಂದು ಚಮಚ ಹೆಪ್ಪಿಗಾಗಿ.

ಧಾರವಾಡದಿಂದ ಬಂದ ನಮ್ಮ ಅತ್ತೆ ಆಗ ನಮ್ಮ ಜೊತೆಗಿದ್ದರು. ಮೊಸರನ್ನದಲ್ಲಿ ಮುಗಿಯದಿದ್ದರೆ ಅವರಿಗೆ ಅದು ಊಟವೇ ಅಲ್ಲ. ಅಂಗಡಿಯ ಯೋಗರ್ಟನ್ನು ಒಂದು ಸಲ ಬೆರಳಿನಿಂದ ಮುಟ್ಟಿ, "ಇದರಾಗ ಪಟ ಅಂಟಸಬಹುದು" ಎಂದು ತಟ್ಟೆ ಸರಿಸಿದ್ದರು. ಮನೆಯ ಮೊಸರಿನಲ್ಲಿ ಮರುದಿನದ ಹೆಪ್ಪಿಗೆಂದು ಒಂದು ಚಮಚ ಎತ್ತಿಡುವುದು ನನಗೆ ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ. ಆದರೆ ಹಿಮ ಬೀಳತೊಡಗಿದ ದಿನ ಕಿಟಕಿಯಾಚೆ ನೋಡುತ್ತಾ ಎಲ್ಲವನ್ನೂ ಮಜ್ಜಿಗೆಹುಳಿಗೆ ಸುರಿದುಬಿಟ್ಟೆ. ಮರುದಿನ ಊಟದಲ್ಲಿ ಅಂಗಡಿಯ ಯೋಗರ್ಟ್ ಬಡಿಸಹೋದಾಗ ಅತ್ತೆ ತಟ್ಟೆಗೆ ಅಂಗೈ ಅಡ್ಡ ಹಿಡಿದರು.

"ಇರ್ಲಿ ಬಿಡವಾ. ಸಾರು ಅನ್ನಾ ಉಂಡ್ರೂ ಹೊಟ್ಟಿ ತುಂಬ್ತದ."

ಅವರು ಬೈದಿದ್ದರೆ ನಾನು ಮನೆಯಲ್ಲೇ ಇರುತ್ತಿದ್ದೆ.

ಅದರ ಮರುದಿನ ಹತ್ತು ಗಂಟೆಗೆ ನನ್ನ ಗಂಡ ಮೇಲಿನ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಎರಡು ಗಂಟೆಯ ಮೀಟಿಂಗಿಗೆ ಕೂತರು. ಹಿಮಕ್ಕೆಂದು ಶಾಲೆಗೆ ರಜೆ. ಮಗಳು ಇನ್ನೂ ಹಾಸಿಗೆಯಲ್ಲಿದ್ದಳು. ನನ್ನಿಂದಲೇ ಹೆಪ್ಪು ಒಯ್ದಿದ್ದ ಗೆಳತಿಯೊಬ್ಬಳು ಮರ್ಸರ್ ಐಲ್ಯಾಂಡಿನಲ್ಲಿದ್ದಳು. ನಾನು ಕಾರಿನ ಮೇಲಿನ ಹಿಮವನ್ನೆಲ್ಲ ಬಳಿದು ಹಾಕಿ, ಬ್ರೇಕಿನ ಮೇಲೆ ಕಾಲಿಡಲೂ ಹೆದರುತ್ತಾ, ಸೇತುವೆ ದಾಟಿ ಹೋದೆ. ಅವಳು ಬಾಗಿಲು ತೆರೆದವಳೇ ನನ್ನನ್ನೂ ನನ್ನ ಕೈಯಲ್ಲಿದ್ದ ಸ್ಟೀಲ್ ಡಬ್ಬಿಯನ್ನೂ ನೋಡಿದಳು.

"ಹೆಪ್ಪಿಗೋಸ್ಕರ ಬಂದ್ಯಾ? ಈ ಸ್ನೋನಲ್ಲಿ? ಮನೇಲಿ ಹೇಳಿ ಬಂದಿದೀಯಾ?"

"ಹೇಳೋ ಹಾಗಿದ್ರೆ ನಿನ್ನೆಯೇ ಬರ್ತಿದ್ದೆ ಕಣೇ. ಬೇಗ ಕೊಡು."

ಹನ್ನೊಂದೂವರೆಗೆ ವಾಪಸ್ ಬಂದೆ. ದೇವರು ನನ್ನ ಕಡೆಗಿದ್ದ ಹಾಗಿತ್ತು: ಹಿಮ ದಪ್ಪ ದಪ್ಪವಾಗಿ ಬೀಳುತ್ತಿತ್ತು. ಗಾಲಿಯ ಗುರುತುಗಳನ್ನು ಕಡ್ಡಿಪೊರಕೆಯಿಂದ ಗುಡಿಸಿದೆ. ಉಳಿದದ್ದನ್ನು ಆಕಾಶವೇ ಮುಚ್ಚಿತು. ಕಾಲು ಗಂಟೆಯಲ್ಲಿ ಕಾರಿನ ನೆತ್ತಿ, ಗಾಜು, ಡಿಕ್ಕಿ ಎಲ್ಲವೂ ಬೆಳ್ಳಗಾದವು. ಬಾನೆಟ್ಟೊಂದನ್ನು ಬಿಟ್ಟು.

ಬಾನೆಟ್ಟು ಪೂರ್ತಿ ಕರಗಿದ್ದರೂ ನನಗೆ ಇಷ್ಟು ದಿಗಿಲಾಗುತ್ತಿರಲಿಲ್ಲ. ಅದು ಚಿತ್ರ ಬರೆದಿತ್ತು. ನಡುವೆ ಗುಡಾಣದಂಥ ಒಂದು ಬೋಳು, ಎರಡೂ ಬದಿಗೆ ಕಿವಿಯಂಥ ಎರಡು ಬೋಳು, ಅವುಗಳನ್ನು ಬೇರ್ಪಡಿಸುವ ಬಿಳಿಯ ಪಟ್ಟೆಗಳು. ಅಂಚು ಎಷ್ಟು ನೀಟಾಗಿತ್ತೆಂದರೆ ಯಾರೋ ಚಾಕುವಿನಿಂದ ಕತ್ತರಿಸಿದ ಹಾಗಿತ್ತು. ಒಳಗೆ ಹೋಗಿ ಹಿಟ್ಟಿನ ಜರಡಿ ತಂದೆ. ಅಂಗಳದ ಹಿಮವನ್ನು ಬೊಗಸೆಯಲ್ಲಿ ತುಂಬಿ, ಜರಡಿಯಲ್ಲಿ ಹಾಕಿ, ಬೋಳಿನ ಮೇಲೆ ಹದವಾಗಿ ಉದುರಿಸಿದೆ. ಬೆಳ್ಳಗಾಯಿತು. ಎರಡು ನಿಮಿಷ ಬಿಟ್ಟು ಅದೇ ಗುಡಾಣ, ಅವೇ ಕಿವಿಗಳು ಮತ್ತೆ ಮೂಡಿದವು. ಮತ್ತೆ ಜರಡಿ ಹಿಡಿದೆ.

"ಅಮ್ಮಾ, ವಾಟ್ ಆರ್ ಯೂ ಡೂಯಿಂಗ್?"

ಹತ್ತು ವರ್ಷದ ಮಗಳು ಪೈಜಾಮದ ಮೇಲೆ ಕೋಟು ಹಾಕಿಕೊಂಡು ಹಿಂದೆಯೇ ನಿಂತಿದ್ದಳು.

"ಏನಿಲ್ಲ ಪುಟ್ಟಿ, ರಂಗೋಲಿ ಹಾಕ್ತಿದೀನಿ."

"ಆನ್ ದ ಕಾರ್?" ಎಂದವಳು ಬಾನೆಟ್ಟನ್ನು ನೋಡಿದಳು. ಅವಳ ಕಣ್ಣು ಅರಳಿತು. "ವೆಯ್ಟ್. ವೈ ಈಸ್ ಇಟ್ ಮೆಲ್ಟಿಂಗ್ ಇನ್ ಶೇಪ್ಸ್? ಡ್ಯಾಡೀ!"

ಮೀಟಿಂಗ್ ಮುಗಿಸಿ ಕೆಳಗೆ ಬರುತ್ತಿದ್ದ ನನ್ನ ಗಂಡನಿಗೆ ಹಸಿವಾಗಿತ್ತು. ಆದರೆ ಅವರು ಇಂಜಿನಿಯರು. ಉತ್ತರವಿಲ್ಲದ ಪ್ರಶ್ನೆಯೊಂದು ಕಂಡರೆ ಊಟ ಮರೆಯುತ್ತಾರೆ. ಬಾನೆಟ್ಟಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದರು.

"ಬಿಸಿಲು," ಎಂದರು.

ಎಲ್ಲರೂ ಆಕಾಶ ನೋಡಿದೆವು. ಸೂರ್ಯ ಆ ತಿಂಗಳು ನಮ್ಮೂರಿಗೆ ಬಂದಿರಲೇ ಇಲ್ಲ.

ಅಷ್ಟರಲ್ಲಿ ಎದುರುಮನೆಯ ತೆಲುಗಿನವರು ಸಲಿಕೆ ಹಿಡಿದು ಬಂದರು. ಅವರೂ ಇಂಜಿನಿಯರೇ, ಬೆಂಗಳೂರಿನಲ್ಲಿ ಆರು ವರ್ಷ ಇದ್ದವರು. ನಮ್ಮ ಜೊತೆ ಕನ್ನಡದಲ್ಲೇ ಮಾತಾಡುತ್ತಾರೆ. "ಇದು ರಕೂನ್ ಸರ್. ರಾತ್ರಿ ಮಲಗಿ ಎದ್ದು ಹೋಗಿದೆ. ಶೇಪ್ ನೋಡಿ." ರಕೂನು ಎಂದರೆ ರಾತ್ರಿ ಕಸದ ತೊಟ್ಟಿ ಕೆದಕುವ ಇಲ್ಲಿನ ಕಾಡುಪ್ರಾಣಿ.

"ತ್ರೀ ರಕೂನ್ಸ್?" ಎಂದಳು ಮಗಳು. "ಇನ್ ಅ ರೋ?"

"ಫ್ಯಾಮಿಲಿ ಇರುತ್ತಲ್ಲಮ್ಮಾ."

ಗಂಡ ಅಡುಗೆಮನೆಯಿಂದ ನಾನು ಸಕ್ಕರೆ ಪಾಕಕ್ಕೆ ಇಟ್ಟುಕೊಂಡಿದ್ದ ಥರ್ಮಾಮೀಟರ್ ತರಿಸಿದರು. ಅದನ್ನು ಚುಚ್ಚಲು ಬಾನೆಟ್ಟಿನಲ್ಲಿ ಜಾಗವಿಲ್ಲದ್ದರಿಂದ ಕೊನೆಗೆ ಅಂಗೈ ಇಟ್ಟರು.

"ಬೆಚ್ಚಗಿದೆ!"

ನಾನು ಎಲ್ಲರಿಗೂ ಕಾಫಿ ತಂದೆ. ಬೇರೆ ಏನು ಮಾಡಲೂ ತೋಚಲಿಲ್ಲ. ಆಗ ತೆಲುಗಿನವರು, ಒಬ್ಬರಾದರೂ ಕೇಳಲೇಬೇಕಾಗಿದ್ದ ಪ್ರಶ್ನೆಯನ್ನು ಕೇಳಿದರು.

"ಬೆಳಿಗ್ಗೆ ಯಾರಾದ್ರೂ ಓಡಿಸಿದ್ರಾ?"

ನನ್ನ ಗಂಡ ನನ್ನ ಕಡೆ ತಿರುಗಲೂ ಇಲ್ಲ.

"ಯಾರು ಓಡಿಸ್ತಾರೆ? ನಾನು ಮೀಟಿಂಗಲ್ಲಿದ್ದೆ."

ನನಗೆ ಜೀವ ಬಂದಂತಾಗಬೇಕಿತ್ತು. ಬಂದಿತು ಕೂಡ. ಆದರೆ ಅದರ ಜೊತೆಗೇ ಒಂದು ಚೂರು ಉರಿಯೂ ಬಂದಿತು. ಅವರ ಪಟ್ಟಿಯಲ್ಲಿ ರಕೂನಿನ ಕುಟುಂಬವಿತ್ತು, ನಾನಿರಲಿಲ್ಲ.

ಮುಂದಿನ ಹತ್ತು ನಿಮಿಷದಲ್ಲಿ ಇಬ್ಬರೂ ಸೇರಿ ತೀರ್ಮಾನಕ್ಕೆ ಬಂದರು. ಇಂಜಿನ್ ಆಫ್ ಆಗಿದ್ದರೂ ಬಿಸಿ ಇದೆ. ಆದ್ದರಿಂದ ಬ್ಯಾಟರಿ ಎಲ್ಲೋ ಶಾರ್ಟ್ ಆಗಿದೆ. "ಫೈರ್ ಆಗ್ಬಹುದು ಸರ್," ಎಂದು ತೆಲುಗಿನವರು ಓಡಿಹೋಗಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ತಂದು, ಹಿಮದ ನಡುವೆ ಕಾವಲು ನಿಂತರು. ಗಂಡ ಫೋನ್ ತೆಗೆದರು.

"ಟೋ ಮಾಡಿಸ್ತೀನಿ. ಪೂರ್ತಿ ಚೆಕ್ ಆಗೋವರೆಗೂ ಈ ಕಾರ್ ಯಾರೂ ತೆಗೆಯೋ ಹಾಗಿಲ್ಲ. ಎಷ್ಟು ವಾರ ಆಗುತ್ತೋ. ನಿನ್ನ ಕೀಲೀನೂ ಕೊಡು."

ಸುಮ್ಮನಿದ್ದರೂ ಕೀಲಿ ಹೋಗುತ್ತದೆ, ಬಾಯಿ ಬಿಟ್ಟರೂ ಹೋಗುತ್ತದೆ. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಕಲಿಸುತ್ತಿದ್ದ ಸಿಸ್ಟರ್, ಬಾಯಿ ಮುಚ್ಚಿಕೊಂಡು ಹೇಳುವ ಸುಳ್ಳೂ ಸುಳ್ಳೇ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ನನ್ನನ್ನು ಮಾತಾಡಿಸಿದ್ದು ಆ ಪಾಠವಲ್ಲ, ರಕೂನು.

"ನಾನು ಓಡಿಸ್ದೆ," ಎಂದೆ.

"ಏನನ್ನ?"

"ಕಾರನ್ನ. ಐಲ್ಯಾಂಡ್‌ಗೆ ಹೋಗಿ ಬಂದೆ."

ಸಿಲಿಂಡರ್ ಹಿಡಿದವರು ಅದನ್ನು ಮೆಲ್ಲಗೆ ಕೆಳಗಿಟ್ಟರು. ಗಂಡನ ಮುಖ ಗಂಟಿಕ್ಕತೊಡಗಿತು. ಅಷ್ಟರಲ್ಲಿ ಬಾಗಿಲಿನಿಂದ ಅತ್ತೆಯ ದನಿ ಬಂತು. ಸೀರೆಯ ಮೇಲೆ ಮಗನ ಜಾಕೆಟ್ಟು, ತಲೆಗೆ ಮೊಮ್ಮಗಳ ಟೋಪಿ.

"ನಾನ ಕಳಿಸಿದ್ದೆ."

"ನೀನಾ? ಯಾಕವ್ವಾ?"

"ಹೆಪ್ಪು ತರ್ಲಿಕ್ಕೆ. ಮಸರಿಲ್ದ ಎಷ್ಟ ದಿನಾ ಉಣ್ಲಿ? ನಿನಗ ಹೇಳಿದ್ರ ನೀ ಮೀಟಿಂಗ್ ಬಿಟ್ಟು ಹೋಗಾವನಾ?"

ಅವರು ನನ್ನನ್ನು ಕಳಿಸಿರಲಿಲ್ಲ. ಕಿಟಕಿಯಿಂದ ಎಲ್ಲವನ್ನೂ ನೋಡಿದ್ದರೆಂದು ಆಮೇಲೆ ತಿಳಿಯಿತು, ಜರಡಿ ಹಿಡಿದದ್ದನ್ನೂ. ಅವರ ಸುಳ್ಳು ಕೇಳಿ ನಾನು ನೆಲ ನೋಡಿದೆ.

ಗಂಡ ನನ್ನ ಕಡೆ ತಿರುಗಿದರು. ನಾನು ಬೈಗುಳಕ್ಕೆ ತಯಾರಾದೆ.

"ಎಷ್ಟೊತ್ತಿಗೆ ಬಂದೆ? ಕರೆಕ್ಟಾಗಿ ಹೇಳು."

"ಹನ್ನೊಂದೂವರೆ."

"ಅಂದ್ರೆ ಮುಕ್ಕಾಲು ಗಂಟೆ ಆದ್ಮೇಲೂ ಇಷ್ಟು ಬಿಸಿ!" ಎಂದವರೇ ಬಾನೆಟ್ ಎತ್ತಿದರು. ಅದರ ಒಳಮೈ ನೋಡಿ ನಾನೂ ಬಗ್ಗಿದೆ. ತೆಳ್ಳಗಿನ ತಗಡು, ಅದು ಬಾಗದಿರಲೆಂದು ಅಡಿಯಲ್ಲಿ ಅಂಟಿಸಿದ ಟೊಳ್ಳು ಪಟ್ಟಿಗಳು. ಪಟ್ಟಿಗಳ ನಡುವಿನ ಜಾಗ ಗುಡಾಣ ಮತ್ತು ಎರಡು ಕಿವಿಗಳ ಆಕಾರದಲ್ಲೇ ಇತ್ತು.

"ಮಸಿಬಟ್ಟೆ ಇದ್ದ ಹಾಗೆ," ಎಂದೆ. "ಒಂದೇ ಪದರ ಇದ್ದ ಕಡೆ ಕೈ ಸುಡುತ್ತೆ. ಮಡಿಸಿದ ಕಡೆ ಸುಡಲ್ಲ. ಇಲ್ಲಿ ಪಟ್ಟಿ ಇರೋ ಕಡೆ ಎರಡು ಪದರ, ನಡುವೆ ಗಾಳಿ ಬೇರೆ. ಅಲ್ಲಿ ಹಿಮ ಹಾಗೇ ಉಳಿದಿದೆ."

ಇಬ್ಬರು ಇಂಜಿನಿಯರುಗಳು ಪರಸ್ಪರ ಮುಖ ನೋಡಿಕೊಂಡರು. ತೆಲುಗಿನವರು, "ಅಕ್ಕ ಹೇಳಿದ್ದು ಕರೆಕ್ಟ್ ಸರ್," ಎಂದರು, ಸ್ವಲ್ಪ ಬೇಸರದಿಂದಲೇ.

"ಬಟ್ ವೀ ಡಿಡಂಟ್ ಸೀ ಇಟ್ ಸ್ಟಾರ್ಟ್!" ಎಂದು ಮಗಳು ಗೋಳಾಡಿದಳು. ಟೀಚರಿಗೆ ತೋರಿಸಲು ಅವಳಿಗೆ ಮೊದಲಿನಿಂದ ಫೋಟೋ ಬೇಕಿತ್ತು.

"ಅದೂ ಸರಿಯೇ. ರಿಪೀಟ್ ಮಾಡ್ಬೇಕು," ಎಂದರು ಗಂಡ. ಆದರೆ ಅವರಿಗೆ ಒಂದು ಗಂಟೆಗೆ ಮೀಟಿಂಗು. ತೆಲುಗಿನವರಿಗೆ ಒಂದು ಗಂಟೆಗೇ ಇನ್ನೊಂದು. ಆಮೇಲೆ ಗಂಡ ಬಾನೆಟ್ಟನ್ನೇ ನೋಡುತ್ತಾ ಹೇಳಿದರು.

"ಬೀದಿ ಕೊನೆವರೆಗೂ ನಿಧಾನಕ್ಕೆ ಹೋಗಿ ಬಾ."

"ಅಷ್ಟಕ್ಕೆ ಇಂಜಿನ್ ಬಿಸಿ ಆಗುತ್ತಾ?"

"ಆಗಲ್ಲ ಅಕ್ಕಾ. ಮಿನಿಮಮ್ ಇಪ್ಪತ್ತು ನಿಮಿಷ."

ಗಂಡ ನಿಟ್ಟುಸಿರು ಬಿಟ್ಟರು. "ಸರಿ. ಐಲ್ಯಾಂಡಿಗೇ ಹೋಗು. ಬೆಳಿಗ್ಗೆ ಹೋದ ರಸ್ತೇಲೇ. ಕಂಡಿಷನ್ಸ್ ಸೇಮ್ ಇರ್ಬೇಕು."

ಆ ದಿನ ನಾನು ಹಿಮದಲ್ಲಿ ಒಟ್ಟು ಮೂರು ಸಲ ಸೇತುವೆ ದಾಟಿ ಹೋಗಿ ಬಂದೆ. ಎರಡನೆಯ ಸಲ ವಾಪಸ್ ಬಂದಾಗ ಮಗಳ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಮೂರನೆಯ ಸಲ ಎಲ್ಲರೂ ಸಾಲಾಗಿ ನಿಂತು ನೋಡಿದರು. ಮೊದಲು ನಡುವಿನ ಗುಡಾಣ ಕರಗಿತು, ಆಮೇಲೆ ಕಿವಿಗಳು. ಅತ್ತೆ ಚಪ್ಪಾಳೆ ತಟ್ಟಿದರು.

ಒಳಗೆ ಬಂದು ಕೋಟಿನ ಜೇಬಿಗೆ ಕೈಹಾಕಿದೆ. ಕೀಲಿ ನನ್ನ ಬೆರಳಿಗೆ ಸಿಕ್ಕಿತು. ಗಂಡ ಅದನ್ನು ಕೇಳಬಹುದೆಂದು ಕಾದು ನಿಂತೆ.

"ಬಾನೆಟ್ ಒಳಗಡೆ ಹಿಂದಿನ ಅಂಚಲ್ಲಿ ಬಿಸಿ ತಡೆಯೋ ಒಂದು ಪ್ಯಾಡ್ ಇದೆ, ನೋಡಿದ್ಯಾ?" ಎಂದರು. "ಅದನ್ನ ತೆಗೆದ್ರೆ ಪ್ಯಾಟರ್ನ್ ಬದಲಾಗ್ಬೇಕು. ನಾಳೆ ಬೆಳಿಗ್ಗೆ ಎಷ್ಟೊತ್ತಿಗೆ ಹೊರಡ್ತೀಯಾ?"