ಒಬ್ಬ ಸೈನಿಕ, ಇಬ್ಬರು ದಂಡನಾಯಕರು

ಒಸಾಕಾದ ಚರ್ಚಾ ಸ್ಪರ್ಧೆಗೆ ನಮ್ಮ ಶಾಲೆಯಿಂದ ಒಬ್ಬರಿಗೇ ಅವಕಾಶ. ಆ ಒಬ್ಬ ನಾನೇ ಎಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ. ಮೇಷ್ಟ್ರಿಗೆ ತಿಳಿಸುವುದೊಂದೇ ಬಾಕಿ. ವಿಷಯ: ಅಕ್ಕಪಕ್ಕದ ದೇಶಗಳು ಸೇರಿ ತಮ್ಮದೇ ಜಂಟಿ ಸೇನೆ ಕಟ್ಟಬೇಕೇ, ಈಗಿರುವ ದೊಡ್ಡ ರಕ್ಷಣಾ ಮೈತ್ರಿಕೂಟವೇ ಸಾಕೇ? ನಾನು ಜಂಟಿ ಸೇನೆಯ ಪರ. ಶಾಲೆಯೊಳಗಿನ ಆಯ್ಕೆಯ ಮೊದಲ ಸುತ್ತಿನಲ್ಲಿ ನನ್ನ ಮಾತಿನ ರಭಸಕ್ಕೆ ಕಿಟಕಿ ಗಾಜು ಅದುರಿತು. ಭೂಕಂಪವೆಂದುಕೊಂಡು ಇಬ್ಬರು ಮೇಜಿನ ಕೆಳಗೆ ತೂರಿದರೆಂದರೂ ನೀವು ನಂಬಬೇಕು.

ಆಗ ಎದುರಾಳಿ ಹುಡುಗಿ ಎದ್ದು "ಸುಮಿಮಾಸೆನ್" ಎಂದಳು. ಕ್ಷಮಿಸಿ ಎಂದರ್ಥ. ಅವಳ ಬಾಯಲ್ಲಿ ಅದು ಯುದ್ಧಘೋಷಣೆ.

"ಜಂಟಿ ಸೇನೆಗೆ ಸೈನಿಕರನ್ನ ಎಲ್ಲಿಂದ ತರ್ತೀಯಾ? ಮೈತ್ರಿಕೂಟಕ್ಕೆ ಕೊಟ್ಟಿರೋರೇ ಅಲ್ವಾ? ಎರಡೂ ಕಡೆಯಿಂದ ಒಟ್ಟಿಗೆ ಕರೆ ಬಂದ್ರೆ ಒಬ್ಬ ಸೈನಿಕ ಯಾರ ಮಾತು ಕೇಳ್ಬೇಕು?"

ನನ್ನ ಬಾಯಿ ತೆರೆದೇ ಇತ್ತು. ಅದರೊಳಗೆ ಹಗಲೂ ರಾತ್ರಿ ತೆರೆದಿರುವ ಒಂದು ಕೊಂಬಿನಿ ಅಂಗಡಿ ನಡೆಸಬಹುದಿತ್ತು. ಕೊನೆಯ ಸುತ್ತು ಮುಂದಿನ ವಾರ ಎಂದರು ಮೇಷ್ಟ್ರು.

ನಿಶಿ ಕಸಾಯಿ ಬಡಾವಣೆಯ ನಮ್ಮ ಮನೆಗೆ ಬಂದು ಪ್ರಶ್ನೆಯನ್ನು ಅಮ್ಮನ ಮುಂದಿಟ್ಟೆ. ದೊಡ್ಡ ಭೂಕಂಪದ ನಂತರ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎರಡು ತುರ್ತು ತಂಡಗಳಿದ್ದವು: ಒಂದು ನಿವಾಸಿಗಳ ಹಳೆಯ ಸಂಘದ್ದು; ಇನ್ನೊಂದು, ಜಪಾನಿ ಪ್ರಕಟಣೆ ಅರ್ಥವಾಗದ ನಮ್ಮವರು ಕಟ್ಟಿಕೊಂಡದ್ದು. ಅಮ್ಮ ಎರಡರಲ್ಲೂ ಇದ್ದಳು. ಹೆಲ್ಮೆಟ್ ಎರಡು, ತಲೆ ಒಂದೇ.

"ಇಬ್ರೂ ಒಟ್ಟಿಗೆ ಕರೆದ್ರೆ ಏನ್ಮಾಡ್ತೀಯಮ್ಮಾ?"

"ಅದನ್ನ ಮೊದಲ್ನೇ ಮೀಟಿಂಗಲ್ಲೇ ಜಗಳ ಆಡಿ ಮುಗಿಸಿದೀವಿ ಕಣೋ. ಸಂಘದವ್ರು ಕರೆದ್ರೆ ಮೊದ್ಲು ಅಲ್ಲಿಗೆ. ಅವ್ರು ಬರಲ್ಲ ಅಂದ್ರೆ ಆಗ ನಮ್ ಟೀಮು. ಆದ್ರೆ ಅವ್ರ ಏಣಿ, ವಾಕಿಟಾಕಿ ನಮಗೆ ಕೊಡ್ಬೇಕು ಅಂತ ಮೊದ್ಲೇ ಒಪ್ಪಿಸ್ಕೊಂಡಿದೀವಿ."

"ನೀನು ಜನರಲ್ ಆಗ್ಬೇಕಿತ್ತಮ್ಮಾ!"

"ಆಗಿದ್ರೆ ನಿನ್ ಬಾಯಿಗೆ ಮೊದ್ಲು ಕದನವಿರಾಮ ಹಾಕ್ತಿದ್ದೆ. ತಟ್ಟೆ ಹಾಕು."

ಕೊನೆಯ ಸುತ್ತಿನಲ್ಲಿ ಇದನ್ನೇ, ನಾನು ಹಲವು ವರ್ಷ ಹಿಮಾಲಯದಲ್ಲಿ ಕೂತು ಕಂಡುಕೊಂಡವನಂತೆ ಒಪ್ಪಿಸಿದೆ. ಮೊದಲ ಕರೆ ಮೈತ್ರಿಕೂಟದ್ದು. ಅದು ಕೈಹಾಕದ ಕಡೆ ಮಾತ್ರ ಜಂಟಿ ಸೇನೆ. ವಿಮಾನ, ರೇಡಾರ್ ಮೈತ್ರಿಕೂಟದಿಂದಲೇ ಎರವಲು.

ಹುಡುಗಿ ಮತ್ತೆ ಎದ್ದಳು. "ಮೈತ್ರಿಕೂಟ ಹೂಂನೂ ಅನ್ನದೆ, ಉಹೂಂನೂ ಅನ್ನದೆ ಸುಮ್ನೆ ಕೂತ್ರೆ?"

ಇದನ್ನು ಅಮ್ಮ ಹೇಳಿರಲಿಲ್ಲ. ನಾನೇ ಹೊಸೆಯಬೇಕಾಯಿತು. "ಎಷ್ಟು ಹೊತ್ತು ಕಾಯಬೇಕು ಅಂತ ಶಾಂತಿ ಇರುವಾಗ್ಲೇ ಗೊತ್ತುಮಾಡ್ಕೊಳ್ಳೋಣ. ಗಡುವು ಮುಗಿದ್ರೆ ಹೊರಡೋದೇ!"

ಮೇಷ್ಟ್ರು ನನ್ನನ್ನೇ ಆರಿಸಿದರು. ಆಮೇಲೆ ನಿಧಾನವಾಗಿ, "ಒಸಾಕಾದಲ್ಲಿ ನಮ್ಮ ಶಾಲೆಗೆ ಬಂದಿರೋದು ಮೈತ್ರಿಕೂಟವೇ ಸಾಕು ಅನ್ನೋ ಪಕ್ಷ" ಎಂದರು.

ಅಂದರೆ ನಾನು ನನ್ನನ್ನೇ ಸೋಲಿಸಬೇಕು. ಏಷ್ಯಾದಲ್ಲಿ ಅಷ್ಟು ಬಲಿಷ್ಠ ಎದುರಾಳಿ ಇನ್ನೊಬ್ಬನಿಲ್ಲ. ಆದರೆ ಬಿಡುವ ಮಾತೇ ಇಲ್ಲ. ನೇರ ಆ ಹುಡುಗಿಯ ಬಳಿ ಹೋಗಿ ಸೊಂಟ ಬಗ್ಗಿಸಿ ನಮಸ್ಕರಿಸಿದೆ.

"ನನ್ನನ್ನ ಸೋಲಿಸೋದು ಹೇಗೆ ಅಂತ ಹೇಳ್ಕೊಡು."

"ಸಂತೋಷದಿಂದ," ಎಂದಳು ಅವಳು, ಕುರ್ಚಿ ಎಳೆದುಕೊಂಡು.